ಪಾದದ ಗಾಯಕ್ಕೂ ಒಂದು ಸಂಕೇತ

ಗುರುಹಿರಿಯರ ಪಾದಗಳಿಗೆ ಎರಗುವುದನ್ನು ಮಕ್ಕಳಿಗೆ ಮೊದಲ ಸಂಸ್ಕಾರವಾಗಿ ಕಲಿಸುವ ಮನೆಗಳು ನಮ್ಮವು. ಆದರೆ ನಮ್ಮವೇ ಪಾದಗಳ ಕಡೆಗೆ ನಾವು ಕಣ್ಣು ಹಾಯಿಸುವುದು ಮುಳ್ಳು ಮುರಿದಾಗ, ಎಡವಿ ಉಗುರು ಕಿತ್ತಾಗ, ಇಲ್ಲವೆ ಹಿಮ್ಮಡಿ ಒಡೆದು ರಕ್ತ ಜಿನುಗಿದಾಗ ಮಾತ್ರ. ಶರೀರದ ಭಾರವನ್ನೆಲ್ಲ ಹೊತ್ತು ದಿನವಿಡೀ ದುಡಿಯುವ ಈ ಅಂಗದ ಬಗ್ಗೆ ಆಸ್ಪತ್ರೆಯ ಕಾಗದದಲ್ಲಿ ಏನು ಬರೆಯುತ್ತಾರೆ, ಬರೆದದ್ದು ಮುಂದೆ ಎಲ್ಲಿಗೆ ಹೋಗುತ್ತದೆ ಎಂಬ ವಿಚಾರವನ್ನು ವಾಚಕರ ಮುಂದಿಡಬೇಕೆಂದು ನಮಗೆ ಅನ್ನಿಸಿದ್ದಕ್ಕೆ ಕಾರಣವೂ ಒಂದು ಮುಳ್ಳೇ.

ಕೆಲವು ವರ್ಷಗಳ ಹಿಂದೆ ಸುಗ್ಗಿಯ ದಿನಗಳಲ್ಲಿ ನಮ್ಮ ಹಿರಿಯ ಅಣ್ಣನವರು ಹೊಲದಿಂದ ಬಂದು ಕಾಲು ತೊಳೆಯುತ್ತಿದ್ದಾಗ ಬಚ್ಚಲ ಕಲ್ಲಿನ ಮೇಲೆ ರಕ್ತ ಕಂಡಿತು. ಕಂಡವರು ಅತ್ತಿಗೆಯವರು. ಎಡಪಾದದ ಹೆಬ್ಬೆರಳಿನ ಬುಡದಲ್ಲಿ ಜಾಲಿಮುಳ್ಳು ಮುರಿದು ಒಳಗೆ ಉಳಿದಿತ್ತು. ಅಣ್ಣನವರಿಗೆ ಅದರ ಅರಿವೇ ಇರಲಿಲ್ಲ. ಹದಿನಾಲ್ಕು ವರ್ಷಗಳಿಂದ ಸಕ್ಕರೆ ಕಾಯಿಲೆಯಿದ್ದ ಅವರ ಅಂಗಾಲು ಯಾವಾಗಲೋ ಸ್ಪರ್ಶಜ್ಞಾನವನ್ನು ಕಳೆದುಕೊಂಡಿತ್ತು. ನೋವಿಲ್ಲವೆಂಬುದನ್ನೇ ಅವರು ಗಾಯ ಸಣ್ಣದೆಂಬುದಕ್ಕೆ ಸಾಕ್ಷಿಯೆಂದು ಬಗೆದು, ಅರಿಶಿನ ಮೆತ್ತಿಕೊಂಡು ಮಲಗಿದರು. ಎಂಟನೆಯ ದಿನ ಜ್ವರ ಬಂದಿತು. ಸಮೀಪದ ಊರಿನ ಆಸ್ಪತ್ರೆಯೊಂದರಲ್ಲಿ ಗಾಯ ತೊಳೆದು, ಗುಳಿಗೆ ಕೊಟ್ಟು ಕಳಿಸಿದರು. ಅಲ್ಲಿ ಕೊಟ್ಟ ಚೀಟಿಯಲ್ಲಿ 'ಕಾಲಿನ ಗಾಯ' ಎಂಬರ್ಥದ ಎರಡು ಇಂಗ್ಲಿಷ್ ಶಬ್ದಗಳ ಹೊರತು ಬೇರೇನೂ ಇರಲಿಲ್ಲ. ಯಾವ ಕಾಲು, ಕಾಲಿನ ಯಾವ ಭಾಗ, ಗಾಯ ಎಷ್ಟು ಆಳ, ರೋಗಿಗೆ ಸಕ್ಕರೆ ಕಾಯಿಲೆ ಇದೆಯೋ ಇಲ್ಲವೋ, ಯಾವುದೂ ಇಲ್ಲ.

ಮೂರು ವಾರಗಳ ಮೇಲೆ ನಗರದ ದೊಡ್ಡ ಆಸ್ಪತ್ರೆಯಲ್ಲಿ ಅವರ ಹೆಬ್ಬೆರಳನ್ನು ತೆಗೆದರು. ಅಲ್ಲಿನ ವೈದ್ಯರು ಪಾದವನ್ನು ಉಳಿಸಿಕೊಟ್ಟರೆಂಬ ಕೃತಜ್ಞತೆ ನಮ್ಮ ಕುಟುಂಬಕ್ಕೆ ಇಂದಿಗೂ ಇದೆ. ಆದರೆ ಮನೆಗೆ ಕಳಿಸುವಾಗ ಕೊಟ್ಟ ಬಿಡುಗಡೆ ಪತ್ರದ ಮೊದಲ ಪುಟದಲ್ಲಿ ಎಡಪಾದವೆಂದೂ ಮೂರನೆಯ ಪುಟದಲ್ಲಿ ಬಲಪಾದವೆಂದೂ ಬರೆದಿತ್ತು. ವಿಮಾ ಸಂಸ್ಥೆಯವರು ಹಣ ಕೊಡುವುದಿಲ್ಲವೆನ್ನಲಿಲ್ಲ. ಯಾವ ಪಾದವೆಂದು ಕೇಳಿ ಕಾಗದಗಳನ್ನು ಹಿಂದಿರುಗಿಸಿದರು. ಒಂದು ಶಬ್ದವನ್ನು ತಿದ್ದಿಸಿಕೊಳ್ಳಲು ನಾಲ್ಕು ತಿಂಗಳು ಹಿಡಿಯಿತು. ಶಸ್ತ್ರಚಿಕಿತ್ಸೆಯಾದ ಮನುಷ್ಯನನ್ನು ಮೂರು ಬಾರಿ ಬಸ್ಸಿನಲ್ಲಿ ನಗರಕ್ಕೆ ಕರೆದೊಯ್ಯಬೇಕಾಯಿತು.

ಆ ತೊಂದರೆಯ ದಿನಗಳಲ್ಲಿ ಬೆಂಗಳೂರಿನಿಂದ ರಜೆಗೆ ಬಂದಿದ್ದ ನಮ್ಮ ತಂಗಿಯ ಮಗಳು ಕಾಗದಗಳನ್ನೆಲ್ಲ ಜಗಲಿಯ ಮೇಲೆ ಹರಡಿಕೊಂಡು ಓದಿ, "ಮಾಮಾ, ಈ ಪತ್ರದ ಪ್ರಕಾರ ದೊಡ್ಡಮಾಮನ ಎರಡೂ ಕಾಲಿನ ಬೆರಳು ಹೋಗ್ಯಾವ" ಎಂದಳು. ನಗಬೇಕೋ ಅಳಬೇಕೋ ತಿಳಿಯದ ಹೊತ್ತು ಅದು. ಆಕೆಯ ಉದ್ಯೋಗವೇ ಇದು. ಅಮೆರಿಕದ ಆಸ್ಪತ್ರೆಗಳ ವೈದ್ಯರು ಬರೆದ ಟಿಪ್ಪಣಿಗಳನ್ನು ಬೆಂಗಳೂರಿನಲ್ಲಿ ಕುಳಿತು ಓದಿ, ಪ್ರತಿಯೊಂದು ರೋಗಕ್ಕೂ ಗಾಯಕ್ಕೂ ಗೊತ್ತಾದ ಸಂಕೇತವನ್ನು ಹಚ್ಚುವುದು. ಇದನ್ನು ಮೆಡಿಕಲ್ ಕೋಡಿಂಗ್ ಎಂದು ಕರೆಯುತ್ತಾರೆ. ಮುಂದೆ ಹೇಳುವ ವಿಷಯಗಳಲ್ಲಿ ಬಹುಭಾಗವನ್ನು ನಾವು ಮೊದಲು ತಿಳಿದದ್ದು ಆಕೆಯಿಂದ. ಬಳಿಕ ಪುಸ್ತಕಗಳಲ್ಲಿ ಓದಿ ದೃಢಪಡಿಸಿಕೊಂಡೆವು.

ರೋಗಗಳಿಗೆ ಜಗತ್ತಿನಾದ್ಯಂತ ಒಂದೇ ಬಗೆಯ ಪಟ್ಟಿಯಿರಬೇಕೆಂಬ ವಿಚಾರ ಹೊಸದಲ್ಲ. ಫ್ರಾನ್ಸ್ ದೇಶದ ಜಾಕ್ ಬರ್ಟಿಯೋಂ ಎಂಬ ಸಂಖ್ಯಾಶಾಸ್ತ್ರಜ್ಞರು ಮರಣದ ಕಾರಣಗಳ ಪಟ್ಟಿಯೊಂದನ್ನು 1893ರಲ್ಲಿ ಶಿಕಾಗೋ ನಗರದ ಸಭೆಯಲ್ಲಿ ಮಂಡಿಸಿದರು. 1900ರಲ್ಲಿ ಪ್ಯಾರಿಸ್ಸಿನಲ್ಲಿ ಅನೇಕ ದೇಶಗಳವರು ಸೇರಿ ಅದನ್ನು ಪರಿಷ್ಕರಿಸಿದರು. ಅಂದಿನದು ಸತ್ತವರ ಲೆಕ್ಕಕ್ಕೆಂದು ಮಾಡಿದ ಪಟ್ಟಿ. 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅದರ ಹೊಣೆ ಹೊತ್ತು ಆರನೆಯ ಪರಿಷ್ಕರಣವನ್ನು ಹೊರತಂದಾಗ ಬದುಕಿರುವವರ ಕಾಯಿಲೆಗಳಿಗೂ ಅದರಲ್ಲಿ ಸ್ಥಾನ ದೊರೆಯಿತು. ಹತ್ತನೆಯ ಪರಿಷ್ಕರಣಕ್ಕೆ 1990ರಲ್ಲಿ ಒಪ್ಪಿಗೆ ದೊರೆತು, 1994ರಿಂದ ದೇಶಗಳು ಅದನ್ನು ಬಳಸತೊಡಗಿದವು. ಇದನ್ನೇ ಐಸಿಡಿ-10 ಎನ್ನುವುದು. ನಮ್ಮ ದೇಶದ ಆಸ್ಪತ್ರೆಗಳ ಕಾಗದಗಳಲ್ಲಿ ಕಾಣುವುದು ಹೆಚ್ಚಾಗಿ ಇದೇ. ಅಮೆರಿಕದವರು ಇದನ್ನು ಹಿಗ್ಗಿಸಿ ಸುಮಾರು 70 ಸಾವಿರ ಸಂಕೇತಗಳ ತಮ್ಮದೇ ಆವೃತ್ತಿಯನ್ನು ಮಾಡಿಕೊಂಡು 2015ರ ಅಕ್ಟೋಬರ್ 1ರಿಂದ ಜಾರಿಗೆ ತಂದರು. ಹನ್ನೊಂದನೆಯ ಪರಿಷ್ಕರಣವು 2022ರ ಜನವರಿ 1ರಿಂದ ಅಸ್ತಿತ್ವಕ್ಕೆ ಬಂದಿದ್ದರೂ ಹಳೆಯದನ್ನು ಬಿಟ್ಟು ಹೊಸದಕ್ಕೆ ಹೋಗಲು ದೇಶಗಳಿಗೆ ವರ್ಷಗಳೇ ಬೇಕಾಗುತ್ತವೆ.

ಈ ಗ್ರಂಥದಲ್ಲಿ ಗಾಯಗಳ ಅಧ್ಯಾಯವನ್ನು ಜೋಡಿಸಿರುವ ಕ್ರಮ ನಮಗೆ ಬಹಳ ಹಿಡಿಸಿತು. ನಾವು ಅಡಿಯಿಂದ ಮುಡಿಯವರೆಗೆ ಎನ್ನುತ್ತೇವೆ. ಅವರು ಮುಡಿಯಿಂದ ಅಡಿಗೆ ಇಳಿಯುತ್ತಾರೆ. 'ಎಸ್' ಎಂಬ ಅಕ್ಷರದ ಮುಂದೆ ಸೊನ್ನೆಯಿಂದ 9ರವರೆಗೆ ತಲೆ, 10ರಿಂದ ಕುತ್ತಿಗೆ, 20ರಿಂದ ಎದೆ, ಹೀಗೆ ಪ್ರತಿಯೊಂದು ಭಾಗಕ್ಕೂ ಹತ್ತು ಹತ್ತು ಮನೆಗಳನ್ನು ಕೊಡುತ್ತ ಬಂದು, ಕೊನೆಯ 90ರಿಂದ 99ರವರೆಗಿನ ಮನೆಗಳು ಕಾಲಿನ ಹರಡು ಮತ್ತು ಪಾದದ ಪಾಲಿಗೆ ಬಂದಿವೆ. ಎರಡನೆಯ ಅಂಕೆಯು ಗಾಯದ ಬಗೆಯನ್ನು ಹೇಳುತ್ತದೆ. ಎಸ್ 90 ಎಂದರೆ ತರಚು, ಗುಳ್ಳೆ, ಕಂದಿದ ಪೆಟ್ಟು. ಎಸ್ 91 ತೆರೆದ ಗಾಯ. ಎಸ್ 92 ಮೂಳೆಮುರಿತ. ಎಸ್ 93 ಕೀಲು ತಪ್ಪಿದ್ದು ಅಥವಾ ಉಳುಕಿದ್ದು. ನರ, ರಕ್ತನಾಳ, ಸ್ನಾಯುಗಳ ಗಾಯಗಳು 94ರಿಂದ 96ರವರೆಗೆ, ಜಜ್ಜಿಹೋದದ್ದು 97, ಪೆಟ್ಟಿನಿಂದ ತುಂಡಾದದ್ದು 98. ತಲೆಗಾಗಲಿ ಕೈಗಾಗಲಿ ಕೊನೆಯ ಅಂಕೆಯ ಅರ್ಥ ಬಹುಮಟ್ಟಿಗೆ ಇದೇ. ಮುಂಗೈ ಮುರಿದರೆ ಎಸ್ 52, ಪಾದ ಮುರಿದರೆ ಎಸ್ 92.

ಪಾದವೊಂದರಲ್ಲಿಯೇ 26 ಮೂಳೆಗಳಿವೆಯಾದ್ದರಿಂದ ಎಸ್ 92 ಎಂಬಷ್ಟಕ್ಕೆ ಕೆಲಸ ಮುಗಿಯದು. ಚುಕ್ಕೆಯ ನಂತರದ ಅಂಕೆಯು ಮುರಿದ ಮೂಳೆ ಯಾವುದೆಂದು ತಿಳಿಸುತ್ತದೆ. ಸೊನ್ನೆಯಾದರೆ ಹಿಮ್ಮಡಿಯ ಮೂಳೆ. 3 ಆದರೆ ನಡುಪಾದದಿಂದ ಬೆರಳುಗಳ ಬುಡಕ್ಕೆ ಹೋಗುವ ಐದು ಉದ್ದನೆಯ ಮೂಳೆಗಳಲ್ಲೊಂದು. 4 ಆದರೆ ಹೆಬ್ಬೆರಳು. 5 ಆದರೆ ಉಳಿದ ಬೆರಳುಗಳು. ಇದು ಬರಿಯ ಲೆಕ್ಕಿಗರ ಚೆಲ್ಲಾಟವೆಂದು ವಾಚಕರು ತಿಳಿಯಬಾರದು. ಮಾಳಿಗೆಯಿಂದಲೋ ತೆಂಗಿನ ಮರದಿಂದಲೋ ಬಿದ್ದು ಹಿಮ್ಮಡಿಯ ಮೂಳೆ ಮುರಿದುಕೊಂಡವರ ಬೆನ್ನುಮೂಳೆಯನ್ನೂ ವೈದ್ಯರು ತಪ್ಪದೆ ಪರೀಕ್ಷಿಸುತ್ತಾರೆ, ಏಕೆಂದರೆ ಬಿದ್ದ ರಭಸ ಹಿಮ್ಮಡಿಯಿಂದ ಮೇಲಕ್ಕೇರಿ ಬೆನ್ನಿಗೂ ತಗಲಿರುವ ಸಂಭವವುಂಟು. ಕಾಗದದಲ್ಲಿ 'ಪಾದದ ಮೂಳೆಮುರಿತ' ಎಂದಷ್ಟೇ ಇದ್ದರೆ ಮುಂದೆ ನೋಡುವ ವೈದ್ಯರಿಗೆ ಈ ಎಚ್ಚರಿಕೆ ದೊರೆಯುವುದಿಲ್ಲ.

ಅಮೆರಿಕದ ಆವೃತ್ತಿ ಇನ್ನೂ ಕಟ್ಟುನಿಟ್ಟು. ಅಲ್ಲಿ ಬಲಪಾದದ ಕಿರುಬೆರಳಿನ ಬುಡದ ಉದ್ದಮೂಳೆ ಮುರಿದು ಜರುಗಿದ್ದರೆ 'ಎಸ್ 92.351 ಎ' ಎಂದು ಬರೆಯಬೇಕು. ಕೊನೆಯ ಅಂಕೆ 1 ಇದ್ದಲ್ಲಿ ಅದು ಬಲ, 2 ಇದ್ದಲ್ಲಿ ಎಡ. ತುದಿಯ ಅಕ್ಷರವು ಚಿಕಿತ್ಸೆ ಯಾವ ಹಂತದಲ್ಲಿದೆಯೆಂದು ತಿಳಿಸುತ್ತದೆ. 'ಎ' ಎಂದರೆ ಚಿಕಿತ್ಸೆ ನಡೆದಿದೆ, 'ಡಿ' ಎಂದರೆ ಮೂಳೆ ಸರಿಯಾಗಿ ಕೂಡುತ್ತಿದೆ, 'ಜಿ' ಎಂದರೆ ತಡವಾಗುತ್ತಿದೆ, 'ಕೆ' ಎಂದರೆ ಕೂಡಲೇ ಇಲ್ಲ, 'ಪಿ' ಎಂದರೆ ವಕ್ರವಾಗಿ ಕೂಡಿದೆ. ಒಬ್ಬನ ಪಾದದ ಆರು ತಿಂಗಳ ಕಥೆಯನ್ನು ಒಂದೇ ಅಕ್ಷರದ ಬದಲಾವಣೆಯಲ್ಲಿ ಓದಬಹುದೆಂದು ನಮ್ಮ ಸೊಸೆ ಹೇಳಿದಾಗ ನಮಗೆ ಅಚ್ಚರಿಯಾಯಿತು. (ನಮ್ಮ ಕಡೆ ತಂಗಿಯ ಮಗಳನ್ನು ಸೊಸೆಯೆಂದೇ ಕರೆಯುವುದು ವಾಡಿಕೆ.)

ಗಾಯವಾದದ್ದು ಹೇಗೆ ಎಂಬುದಕ್ಕೂ ಬೇರೆಯೇ ಸಂಕೇತಗಳುಂಟು. ಮುಳ್ಳು ಚುಚ್ಚುವುದು ನಮ್ಮಂಥ ಒಕ್ಕಲುತನದವರ ಸಂಕಟವೆಂದು ತಿಳಿದಿದ್ದೆವು. ಆ ಅಂತರರಾಷ್ಟ್ರೀಯ ಗ್ರಂಥದಲ್ಲಿ ಡಬ್ಲ್ಯು 60 ಎಂಬುದು ಗಿಡಮರಗಳ ಮುಳ್ಳಿಗೂ ಚೂಪಾದ ಎಲೆಗಳಿಗೂ ಮೀಸಲು! ಅಮೆರಿಕದ ಆವೃತ್ತಿಯಲ್ಲಿ ಆಕಳು ಒದ್ದದ್ದಕ್ಕೂ ಪ್ರತ್ಯೇಕ ಸಂಕೇತವಿದೆ. ಉಗಾದಿಯ ಸಮಯದಲ್ಲಿ ನಮ್ಮ ಉತ್ತರದ ಜಿಲ್ಲೆಗಳಿಂದ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವ ಸದ್ಭಕ್ತರ ಕಾಲಲ್ಲಿ ಏಳುವ ಗುಳ್ಳೆಗಳನ್ನು ವಾಚಕರು ಕಂಡಿದ್ದಾರೆ. ನಡೆದು ತಿಕ್ಕಿ ಎದ್ದ ಗುಳ್ಳೆಗೆ ಎಸ್ 90ರ ಮನೆ. ಕಾದ ಡಾಂಬರಿನ ಮೇಲೆ ಬರಿಗಾಲಲ್ಲಿ ನಡೆದು ಸುಟ್ಟ ಗುಳ್ಳೆಯಾದರೆ ಅದು ಸುಟ್ಟಗಾಯಗಳ ವರ್ಗಕ್ಕೆ, ಟಿ 25ಕ್ಕೆ ಸೇರುತ್ತದೆ. ನೋಟಕ್ಕೆ ಎರಡೂ ಒಂದೇ ರೀತಿ ಇದ್ದರೂ ಶುಶ್ರೂಷೆ ಬೇರೆ. ಸ್ಪರ್ಶಜ್ಞಾನವಿಲ್ಲದ ಪಾದದವರು ಆ ಡಾಂಬರಿನ ಮೇಲೆ ಬರಿಗಾಲಲ್ಲಿ ಕಾಲಿಟ್ಟರೆ ಸುಟ್ಟದ್ದೇ ತಿಳಿಯುವುದಿಲ್ಲ. ಮಲ್ಲಯ್ಯನು ಚಪ್ಪಲಿ ಮೆಟ್ಟಿ ಬಂದವರನ್ನು ಹಿಂದಕ್ಕೆ ಕಳಿಸುವವನಲ್ಲವೆಂದು ನಾವು ನಂಬಿದ್ದೇವೆ.

ಇಲ್ಲಿ ನಮ್ಮ ನುಡಿಯ ವಿಚಾರವನ್ನು ಸ್ವಲ್ಪ ಹೇಳಲೇಬೇಕು. ಕನ್ನಡದಲ್ಲಿ ತೊಡೆಯ ಬುಡದಿಂದ ಉಗುರಿನ ತುದಿಯವರೆಗೆ ಎಲ್ಲವೂ ಕಾಲೇ. ಕಾಲು ನೋವು, ಕಾಲು ಉಳುಕಿದೆ, ಕಾಲು ಮುರಿದಿದೆ ಎಂದು ಹೇಳಿ ಸುಮ್ಮನಾಗುತ್ತೇವೆ. ಇಂಗ್ಲಿಷಿನಲ್ಲಿ ಲೆಗ್ ಬೇರೆ, ಫುಟ್ ಬೇರೆ. ಅವಸರದಲ್ಲಿರುವ ವೈದ್ಯರು ರೋಗಿಯ ಬಾಯಿಂದ ಬಂದ 'ಕಾಲು' ಶಬ್ದವನ್ನು ಲೆಗ್ ಎಂದು ಬರೆದುಬಿಟ್ಟರೆ ಪಾದದ ಗಾಯವು ಮೊಣಕಾಲಿನ ಕೆಳಗಿನ ವರ್ಗವಾದ ಎಸ್ 80ಕ್ಕೆ ಜಿಗಿಯುತ್ತದೆ. ಅಣ್ಣನವರ ಮೊದಲ ಚೀಟಿಯಲ್ಲಿ ಆದದ್ದು ಇದೇ. ಹಾಗೆಂದು ನಮ್ಮ ಭಾಷೆ ಬಡವೆಯೇನಲ್ಲ. ಹಿಮ್ಮಡಿ, ಅಂಗಾಲು, ಮುಂಗಾಲು, ಹರಡು, ಮೀನಖಂಡ, ಹೆಬ್ಬೆರಳು, ಕಿರುಬೆರಳು ಎಂಬ ಎಷ್ಟು ಖಚಿತವಾದ ಶಬ್ದಗಳು ನಮ್ಮಲ್ಲಿವೆ! ಆಸ್ಪತ್ರೆಯ ಬಾಗಿಲು ದಾಟಿದೊಡನೆ ಅವು ನಮ್ಮ ನಾಲಗೆಗೆ ಬಾರದೆ ಹೋಗುವುದೇ ವಿಚಿತ್ರ.

ಹರಡಿನ ವಿಷಯದಲ್ಲಂತೂ ಗ್ರಂಥವೇ ಒಂದು ತೊಡಕನ್ನು ಇಟ್ಟಿದೆ. ಹರಡು ಉಳುಕಿದರೆ ಅದು ಪಾದದ ವರ್ಗ, ಎಸ್ 93. ಹರಡಿನ ಎರಡು ಪಕ್ಕಗಳಲ್ಲಿ ಉಬ್ಬಿ ಕಾಣುವ ಮೂಳೆ ಮುರಿದರೆ ಮಾತ್ರ ಅದು ಕೆಳಗಾಲಿನ ವರ್ಗ, ಎಸ್ 82. ಏಕೆಂದರೆ ಆ ಉಬ್ಬುಗಳು ಮೊಣಕಾಲಿನಿಂದ ಇಳಿದು ಬಂದ ಮೂಳೆಗಳ ತುದಿಗಳೇ ಹೊರತು ಪಾದದ ಮೂಳೆಗಳಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರೆಲ್ಲರೂ ಇಲ್ಲಿ ಒಮ್ಮೆ ಎಡವುತ್ತಾರಂತೆ.

ಗಾಯವಲ್ಲದ ಪಾದರೋಗಗಳು ಬೇರೆ ಬೇರೆ ಅಧ್ಯಾಯಗಳಲ್ಲಿ ಚದುರಿಕೊಂಡಿವೆ. ಆಣಿ ಎಲ್ 84. ಉಗುರು ಮಾಂಸದೊಳಗೆ ಬೆಳೆಯುವುದು ಎಲ್ 60. ಬೆರಳ ಸಂದುಗಳಲ್ಲಿ ಬೂಷ್ಟಿನಿಂದಾಗುವ ಹುಣ್ಣು ಬಿ 35. ಬೆಳಗ್ಗೆ ಹಾಸಿಗೆಯಿಂದ ಇಳಿದಾಗ ಮೊದಲ ಹೆಜ್ಜೆಗೇ ಇರಿಯುವ ಹಿಮ್ಮಡಿ ನೋವಿಗೆ ಕಾರಣ ಅಂಗಾಲಿನ ಪಟ್ಟಿಯಾದರೆ ಎಂ 72, ಮೂಳೆ ಬೆಳೆದು ಮೊನೆಯಾಗಿದ್ದರೆ ಎಂ 77. ನಮ್ಮ ಗೃಹಿಣಿಯರಲ್ಲಿ ಎಷ್ಟು ಜನ ಈ ನೋವನ್ನು ಯಾರಿಗೂ ಹೇಳದೆ ವರ್ಷಗಟ್ಟಲೆ ನುಂಗಿಕೊಂಡು ಅಡಿಗೆಮನೆಯ ಕಲ್ಲಿನ ನೆಲದ ಮೇಲೆ ನಿಂತಿರುತ್ತಾರೋ!

ಈ ಹೆಸರುಗಳು ನಮ್ಮ ಪೂರ್ವಿಕರಿಗೂ ಹೊಸವಲ್ಲ. ಸುಶ್ರುತ ಸಂಹಿತೆಯಲ್ಲಿ ಪಾದ ಬಿರಿಯುವುದಕ್ಕೆ ಪಾದದಾರಿ, ಆಣಿಗೆ ಕದರ, ಕೆಸರಿನಲ್ಲಿ ನಡೆದು ಬೆರಳ ಸಂದು ಕೊಳೆಯುವುದಕ್ಕೆ ಅಲಸ, ಹಿಮ್ಮಡಿಯ ನೋವಿಗೆ ವಾತಕಂಟಕ, ಪಾದ ಉರಿಯುವುದಕ್ಕೆ ಪಾದದಾಹ ಎಂದು ಒಂದೊಂದನ್ನೂ ಬೇರ್ಪಡಿಸಿ ಹೆಸರಿಟ್ಟಿದೆ. ಆಯುರ್ವೇದ, ಸಿದ್ಧ, ಯುನಾನಿ ಪದ್ಧತಿಗಳ ರೋಗನಾಮಗಳಿಗೂ ಹನ್ನೊಂದನೆಯ ಪರಿಷ್ಕರಣದಲ್ಲಿ ಸಂಕೇತಗಳನ್ನು ಕೊಡುವ ವ್ಯವಸ್ಥೆಗೆ 2024ರ ಜನವರಿ 10ರಂದು ದೆಹಲಿಯಲ್ಲಿ ಚಾಲನೆ ದೊರೆಯಿತು. ಹೆಸರು ಹಳೆಯದು, ಸಂಖ್ಯೆ ಹೊಸದು.

ನಮ್ಮ ನೆರೆನಾಡಿನ ಊರೊಂದರ ಹೆಸರನ್ನೇ ಹೊತ್ತ ಪಾದರೋಗವೂ ಇದೆ. ಮಣ್ಣಿನಲ್ಲಿರುವ ಬೂಷ್ಟು ಅಥವಾ ಸೂಕ್ಷ್ಮಜೀವಿ ಮುಳ್ಳಿನ ಗಾಯದ ಮೂಲಕ ಒಳಹೊಕ್ಕು, ಪಾದ ನಿಧಾನವಾಗಿ ಬಾತು, ಅಲ್ಲಲ್ಲಿ ರಂಧ್ರಗಳಾಗಿ, ಅವುಗಳಿಂದ ಕಾಳಿನಂಥ ಕಣಗಳು ಸೋರುವ ರೋಗವದು. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಮದುರೆಯಲ್ಲಿದ್ದ ಆಂಗ್ಲ ವೈದ್ಯರು ಅದನ್ನು ವರ್ಣಿಸಿದ್ದರಿಂದ 'ಮದುರಾ ಫುಟ್' ಎಂಬ ಹೆಸರು ನಿಂತಿತು. ಅದರ ಸಂಕೇತ ಬಿ 47. ಬರಿಗಾಲಲ್ಲಿ ದುಡಿಯುವ ಬಡವರಿಗೆ ಬರುವ ಈ ರೋಗಕ್ಕೆ ವೈದ್ಯಗ್ರಂಥಗಳಲ್ಲಿ ಹೆಸರು ಬಂದು ನೂರೈವತ್ತು ವರ್ಷಗಳಾದ ಮೇಲೆ, 2016ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯು ಅದನ್ನು ಅಲಕ್ಷಿತ ರೋಗಗಳ ಪಟ್ಟಿಗೆ ಸೇರಿಸಿತು. ಎಣಿಕೆಗೆ ಬಾರದ ರೋಗಕ್ಕೆ ಔಷಧ ಹುಡುಕುವವರು ಕಡಿಮೆ ಎಂಬುದು ನಮ್ಮ ಅಭಿಪ್ರಾಯ.

ಹಾವು ಕಡಿತದ ವಿಷಯವನ್ನೇ ನೋಡಿರಿ. ಹೊಲಗದ್ದೆಗಳಲ್ಲಿ ಹಾವು ಕಡಿಯುವುದು ಬಹುಪಾಲು ಕಾಲಿಗೇ. ವಿಷದ ಸಂಕೇತ ಟಿ 63. ಅದನ್ನು ಹಚ್ಚದೆ ಪಾದದ ಗಾಯವೆಂದೋ ಹೃದಯ ನಿಂತಿತೆಂದೋ ಬರೆದರೆ ಹಾವು ಲೆಕ್ಕದಿಂದ ಜಾರಿಹೋಗುತ್ತದೆ. ಮರಣವಾದ ಮನೆಗಳಿಗೇ ಹೋಗಿ ವಿಚಾರಿಸಿ, ಆ ವಿವರಗಳನ್ನು ಇಬ್ಬರು ವೈದ್ಯರು ಪ್ರತ್ಯೇಕವಾಗಿ ಓದಿ ಐಸಿಡಿ ಸಂಕೇತ ಕೊಡುವ ದೊಡ್ಡ ಅಧ್ಯಯನವೊಂದು ನಮ್ಮ ದೇಶದಲ್ಲಿ ನಡೆಯಿತು. ಅದರ ಆಧಾರದ ಮೇಲೆ 2020ರಲ್ಲಿ ಪ್ರಕಟವಾದ ಅಂದಾಜಿನಂತೆ 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿತದಿಂದ ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58 ಸಾವಿರ. ಸರಕಾರಿ ಆಸ್ಪತ್ರೆಗಳ ಲೆಕ್ಕದಲ್ಲಿ ಕಂಡುಬರುತ್ತಿದ್ದುದು ಇದರ ಅತ್ಯಲ್ಪ ಅಂಶ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರವು ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಗೊತ್ತುಪಡಿಸಿದ್ದು ಸ್ತುತ್ಯವಾದ ಹೆಜ್ಜೆ.

ಇನ್ನು ಸಕ್ಕರೆ ಕಾಯಿಲೆಯ ಪಾದ. ನಮ್ಮ ಅಣ್ಣನವರದು ಇದೇ ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇವೆ. ನೋವು ಶತ್ರುವಲ್ಲ, ಕಾವಲುಗಾರ ಎಂಬುದನ್ನು ವೈದ್ಯಲೋಕಕ್ಕೆ ಮನಗಾಣಿಸಿದವರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಕುಷ್ಠರೋಗಿಗಳ ಸೇವೆ ಮಾಡಿದ ಡಾ. ಪಾಲ್ ಬ್ರ್ಯಾಂಡ್ ಅವರು ಪ್ರಮುಖರು. ಕುಷ್ಠರೋಗಿಗಳ ಕೈಕಾಲು ಕರಗುವುದು ರೋಗ ತಿನ್ನುವುದರಿಂದಲ್ಲ, ನೋವು ತಿಳಿಯದೆ ಅವರು ಮಾಡಿಕೊಳ್ಳುವ ಗಾಯಗಳಿಂದ ಎಂದು ಅವರು ತೋರಿಸಿದರು. ಆ ತಿಳಿವಳಿಕೆ ಮುಂದೆ ಸಕ್ಕರೆ ಕಾಯಿಲೆಯವರ ಪಾದಗಳನ್ನು ಉಳಿಸಲು ನೆರವಾಯಿತು.

ಇಂಥ ಪಾದದ ಹುಣ್ಣಿಗೆ ಸಂಕೇತ ಹಚ್ಚುವಾಗ ಗಾಯದ ವರ್ಗ ಸಾಲದು. ಮುಳ್ಳು ಚುಚ್ಚಿದ ದಿನ ಅದು ಎಸ್ 91. ಮೂರು ವಾರ ಮಾಯದೆ ಹುಣ್ಣಾಗಿ ನಿಂತಾಗ ಅದು ಸಕ್ಕರೆ ಕಾಯಿಲೆಯ ತೊಡಕು. ಎರಡನೆಯ ಬಗೆಯ ಸಕ್ಕರೆ ಕಾಯಿಲೆಯ ವರ್ಗ ಇ 11. ಅಮೆರಿಕದ ಆವೃತ್ತಿಯಲ್ಲಿ ಇ 11.621 ಎಂದು ಮೊದಲು ಬರೆದು, ಹುಣ್ಣು ಎಲ್ಲಿದೆ, ಯಾವ ಪಾದ, ಎಷ್ಟು ಆಳ ಎಂಬುದನ್ನು ಎಲ್ 97ರ ಸಂಕೇತದಿಂದ ಜೊತೆಗೆ ಹೇಳಬೇಕು. ಚರ್ಮ ಮಾತ್ರ ಕೆಟ್ಟಿದ್ದರೆ ಕೊನೆಯ ಅಂಕೆ 1, ಕೊಬ್ಬು ಕಾಣುತ್ತಿದ್ದರೆ 2, ಮಾಂಸ ಸತ್ತಿದ್ದರೆ 3, ಮೂಳೆಗೇ ಇಳಿದಿದ್ದರೆ 4. ಆ ಒಂದರಿಂದ ನಾಲ್ಕರವರೆಗಿನ ಇಳಿತವನ್ನು ನಮ್ಮ ಅಣ್ಣನವರ ಪಾದ ಮೂರೇ ವಾರಗಳಲ್ಲಿ ಮುಗಿಸಿತ್ತು.

"ಕಾಗದದೊಳಗ ಸಕ್ಕರಿ ಪರೀಕ್ಷೆಯ ಅಂಕಿ ಮುನ್ನೂರು ಇದ್ದರೂ ನಾವು ಸಕ್ಕರೆ ಕಾಯಿಲೆ ಅಂತ ಸಂಕೇತ ಹಚ್ಚೂ ಹಂಗಿಲ್ಲ, ಮಾಮಾ. ಡಾಕ್ಟರು ತಾವೇ ಬರೀಬೇಕು" ಎಂದಳು ಸೊಸೆ. ವೈದ್ಯರು ನಿರ್ಣಯಿಸಿ ಬರೆದದ್ದಕ್ಕೆ ಮಾತ್ರ ಸಂಕೇತ. ಓದುವವರು ಊಹಿಸಿದ್ದಕ್ಕೆ ಇಲ್ಲ. ಹೊರರೋಗಿಗಳ ವಿಷಯದಲ್ಲಿ 'ಇರಬಹುದು', 'ಸಂಶಯ' ಎಂದು ಬರೆದದ್ದನ್ನೂ ಅಮೆರಿಕದ ನಿಯಮ ರೋಗವೆಂದು ಒಪ್ಪುವುದಿಲ್ಲ. ಕಂಡ ಲಕ್ಷಣವನ್ನಷ್ಟೇ ನಮೂದಿಸಬೇಕು. ವೈದ್ಯರಾದರೂ ರೋಗಿ ಹೇಳದಿದ್ದರೆ ಏನು ಬರೆದಾರು? ಅಣ್ಣನವರು ಆ ಮೊದಲ ಆಸ್ಪತ್ರೆಯಲ್ಲಿ ತಮಗೆ ಸಕ್ಕರೆ ಕಾಯಿಲೆಯಿದೆಯೆಂದು ಹೇಳಿರಲಿಲ್ಲ. "ಅವರು ಕೇಳಲಿಲ್ಲ, ನಾ ಹೇಳಲಿಲ್ಲ" ಎಂಬುದು ಅವರ ಉತ್ತರ. ಆಸ್ಪತ್ರೆಯ ತಪ್ಪನ್ನು ಎತ್ತಿ ಆಡುವಾಗ ನಮ್ಮ ಮನೆಯ ಈ ತಪ್ಪನ್ನೂ ಮುಚ್ಚಿಡುವುದು ನ್ಯಾಯವಲ್ಲ.

ನಮ್ಮ ದೇಶದ ಆರೋಗ್ಯ ವಿಮೆಯ ಅರ್ಜಿಯಲ್ಲಿ ಆಸ್ಪತ್ರೆಯವರು ತುಂಬಬೇಕಾದ ಭಾಗವೊಂದಿದೆ. ಅದರಲ್ಲಿ ಮುಖ್ಯ ರೋಗ, ಜೊತೆಗಿರುವ ರೋಗಗಳು, ಅವುಗಳ ಐಸಿಡಿ-10 ಸಂಕೇತಗಳಿಗೆ ಮನೆಗಳಿವೆ. ಗಾಯವಾಗಿದ್ದರೆ ಕಾರಣವನ್ನೂ ಕೇಳುತ್ತದೆ. ಸಹಿ ಮಾಡುವ ಮೊದಲು ಮನೆಯ ಓದಿದ ಮಕ್ಕಳಿಂದ ಆ ಭಾಗವನ್ನು ಓದಿಸಿಕೊಳ್ಳಬೇಕೆಂದು ನಾವು ವಾಚಕರಲ್ಲಿ ವಿನಂತಿಸುತ್ತೇವೆ. ಎಡ ಬಲಗಳು ಎಲ್ಲ ಪುಟಗಳಲ್ಲಿಯೂ ಹೊಂದುತ್ತವೆಯೇ, ಸಕ್ಕರೆ ಕಾಯಿಲೆಯ ಹೆಸರು ಇದೆಯೇ, ಗಾಯವಾದ ದಿನಾಂಕ ಸರಿಯೇ, ಇಷ್ಟನ್ನು ನೋಡಿದರೂ ಸಾಕು. ಆಸ್ಪತ್ರೆಯ ಮೇಜಿನ ಮುಂದೆ ಎರಡು ನಿಮಿಷದಲ್ಲಿ ತಿದ್ದಬಹುದಾದದ್ದಕ್ಕೆ ನಾವು ನಾಲ್ಕು ತಿಂಗಳು ಅಲೆದೆವು.

ಮರಣದ ಕಾಗದದ ಮಾತನ್ನು ಆಡಲು ಮನಸ್ಸು ಹಿಂಜರಿಯುತ್ತದೆ, ಆದರೂ ಆಡಬೇಕು. ಪಾದದ ಹುಣ್ಣಿನಿಂದ ನಂಜೇರಿ ತೀರಿಕೊಂಡವರ ಪ್ರಮಾಣಪತ್ರದಲ್ಲಿ ಹೃದಯ ನಿಂತಿತೆಂದಷ್ಟೇ ಬರೆಯುವ ಅಭ್ಯಾಸವಿದೆ. ಹೃದಯ ಯಾರದು ನಿಲ್ಲುವುದಿಲ್ಲ? ಸರಿಯಾದ ಕ್ರಮದಲ್ಲಿ ಮೊದಲು ನಂಜು, ಅದರ ಕೆಳಗೆ ಪಾದದ ಹುಣ್ಣು, ಎಲ್ಲಕ್ಕೂ ತಳದಲ್ಲಿ ಸಕ್ಕರೆ ಕಾಯಿಲೆ ಎಂದು ಸರಪಳಿಯಂತೆ ಬರೆಯಬೇಕು. ದೇಶದ ಲೆಕ್ಕಕ್ಕೆ ಹೋಗುವುದು ಆ ತಳದ ಕಾರಣ. 1969ರ ಜನನ ಮರಣ ನೋಂದಣಿ ಕಾಯಿದೆಗೆ 2023ರಲ್ಲಿ ಆದ ತಿದ್ದುಪಡಿಯಂತೆ ಆಸ್ಪತ್ರೆಯು ಮರಣಕಾರಣದ ಪ್ರಮಾಣಪತ್ರದ ಪ್ರತಿಯನ್ನು ಹತ್ತಿರದ ಸಂಬಂಧಿಕರಿಗೂ ಕೊಡಬೇಕು.

ಸಂಕೇತ ಹಚ್ಚುವ ಈ ಉದ್ಯೋಗದ ಬಗ್ಗೆ ತಂದೆತಾಯಿಗಳು ನಮ್ಮನ್ನು ಕೇಳುವುದುಂಟು. ಬೆಂಗಳೂರು, ಚೆನ್ನೈ, ಹೈದರಾಬಾದುಗಳಲ್ಲಿ ಈ ಕೆಲಸ ಮಾಡುವ ಸಂಸ್ಥೆಗಳು ಅನೇಕ. ಜೀವಶಾಸ್ತ್ರ, ಔಷಧಶಾಸ್ತ್ರ, ಶುಶ್ರೂಷೆ ಓದಿದವರಿಗೆ ಅನುಕೂಲ ಹೆಚ್ಚು. ಶರೀರರಚನೆಯ ಜ್ಞಾನ, ಇಂಗ್ಲಿಷ್ ಓದುವ ಅಭ್ಯಾಸ, ತಾಳ್ಮೆ ಬೇಕು. ಅಮೆರಿಕದ ಎಎಪಿಸಿ ಎಂಬ ಸಂಘದ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಬೆಲೆಯಿದೆ. ಒಂದೂವರೆ ತಿಂಗಳಲ್ಲಿ ಕಲಿಸಿ ಕೈತುಂಬ ಸಂಬಳ ಕೊಡಿಸುತ್ತೇವೆನ್ನುವ ತರಬೇತಿ ಕೇಂದ್ರಗಳಿಗೆ ಹೊಲ ಅಡವಿಟ್ಟು ಹಣ ಕಟ್ಟುವುದನ್ನು ಮಾತ್ರ ನಾವು ಒಪ್ಪುವುದಿಲ್ಲ. ಈಗ ಸುಲಭದ ಸಂಕೇತಗಳನ್ನು ಗಣಕಯಂತ್ರವೇ ಸೂಚಿಸುತ್ತದೆ. ಮನುಷ್ಯರ ಪಾಲಿಗೆ ಉಳಿಯುತ್ತಿರುವುದು ತೊಡಕಿನವು. ನಮ್ಮ ಸೊಸೆ ಬೆಳಗಿನಿಂದ ಸಂಜೆಯವರೆಗೆ ಕಂಡರಿಯದ ಜನರ ಪಾದ, ಮೊಣಕಾಲು, ಸೊಂಟಗಳ ಕಥೆ ಓದುತ್ತಾಳೆ. ಅವರ ಹೆಸರಾಗಲಿ ಊರಾಗಲಿ ಆಕೆ ಮನೆಯಲ್ಲಿ ಎತ್ತುವುದಿಲ್ಲ. ಅದು ನಿಯಮ.

ರಜೆ ಮುಗಿಸಿ ಹೊರಡುವ ಮುನ್ನಾದಿನ ಆಕೆ ದಪ್ಪ ಕಾಗದವೊಂದನ್ನು ಕತ್ತರಿಸಿ, ಒಂದು ಮಗ್ಗುಲಿಗೆ ಕನ್ನಡದಲ್ಲಿಯೂ ಇನ್ನೊಂದು ಮಗ್ಗುಲಿಗೆ ಇಂಗ್ಲಿಷಿನಲ್ಲಿಯೂ ತನ್ನ ದೊಡ್ಡಮಾಮನ ಪಾದದ ವೃತ್ತಾಂತವನ್ನು ಬರೆದಳು. ಸಕ್ಕರೆ ಕಾಯಿಲೆ ಆರಂಭವಾದ ವರ್ಷ, ತೆಗೆದುಕೊಳ್ಳುವ ಗುಳಿಗೆಗಳು, ಎರಡೂ ಅಂಗಾಲುಗಳಲ್ಲಿ ಸ್ಪರ್ಶವಿಲ್ಲ ಎಂಬ ಮಾತು, ಎಡಪಾದದ ಹೆಬ್ಬೆರಳು ತೆಗೆದ ದಿನಾಂಕ. ಇಲ್ಲದ ಬೆರಳಿಗೂ ಸಂಕೇತವಿದೆಯೆಂದು ಕೆಳಗೆ ಜಡ್ 89.4 ಎಂದು ಸೇರಿಸಿದಳು. ಅಣ್ಣನವರು ಅದನ್ನು ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡಿದ್ದಾರೆ. ಅತ್ತಿಗೆಯವರು ದಿನವೂ ಸಂಜೆ, ದೀಪ ಹಚ್ಚಿದ ಮೇಲೆ, ಅವರ ಎರಡೂ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ಬೆರಳ ಸಂದು ಸಂದು ನೋಡುತ್ತಾರೆ. ಮೊದಮೊದಲು ಸಂಕೋಚದಿಂದ ಕಾಲು ಎಳೆದುಕೊಳ್ಳುತ್ತಿದ್ದ ಅಣ್ಣನವರು ಈಗ ತಾವೇ ಚಾಚುತ್ತಾರೆ. ಕಳೆದ ಬಾರಿ ಬಲಪಾದದ ಕಿರುಬೆರಳಿನ ಪಕ್ಕದಲ್ಲಿ ಸಣ್ಣ ಗುಳ್ಳೆ ಕಂಡಿತು. ಮರುದಿನವೇ ವೈದ್ಯರಲ್ಲಿಗೆ ಹೋದರು. ಜೇಬಿನ ಕಾಗದವನ್ನು ಓದಿದ ವೈದ್ಯರು ತಮ್ಮ ಚೀಟಿಯಲ್ಲಿ 'ಬಲ' ಎಂಬುದನ್ನು ಬರೆದು ಅದರ ಕೆಳಗೆ ಗೆರೆ ಎಳೆದುಕೊಟ್ಟರು. ಗುಳ್ಳೆ ಹನ್ನೆರಡು ದಿನಗಳಲ್ಲಿ ಮಾಯಿತು.